ಸಮಸ್ಯಾಪೂರಣ: ತಾಯ ಮುಡಿಯಲಿ ಬೆಂಕಿಬೆಟ್ಟ

ಸಮಸ್ಯೆ ಕೊಟ್ಟವರು:
ಎಲ್ಲರಿಗೂ ನಮಸ್ಕಾರ. ಈ ವಾರದ ಸಮಸ್ಯೆ ಭಾಮಿನಿ ಷಟ್ಪದಿಯ ಕೊನೆಯ ಸಾಲು. ಪ್ರಾಸಾಕ್ಷರ ‘ಯ’.

ತಾಯ ಮುಡಿಯಲಿ ಬೆಂಕಿಬೆಟ್ಟವು ಮೂಡಿ ನಿಂತಿಹುದು

ಈ ಸಾಲು ಹುಟ್ಟಿದ್ದು ಒಂದು ನಾಣ್ಯದಿಂದ. ತಂಗಿ ಅಮೆರಿಕದಿಂದ ಬಂದಾಗ ಅವಳ ಚಿಲ್ಲರೆಯಲ್ಲಿ ಸಿಕ್ಕಿತು. 2023ರ 25 ಸೆಂಟಿನ ನಾಣ್ಯ. ಒಂದು ಬದಿ ವಾಷಿಂಗ್ಟನ್. ಇನ್ನೊಂದು ಬದಿ ಒಬ್ಬ ಹೆಂಗಸಿನ ಮುಖ, ತಲೆಗೆ ದಂಡೆ. ಕೂದಲು ಇಳಿಯುತ್ತಾ ಇಳಿಯುತ್ತಾ ಬೆಟ್ಟವಾಗಿ, ನೆಲವಾಗಿ ಬಿಡುತ್ತದೆ. ಕೂದಲು ಎಲ್ಲಿ ಮುಗೀತು, ಬೆಟ್ಟ ಎಲ್ಲಿ ಶುರುವಾಯ್ತು ಅಂತ ಹೆಬ್ಬೆರಳಲ್ಲಿ ಸವರಿ ನೋಡಿದೆ. ಗೊತ್ತಾಗಲಿಲ್ಲ.

ಆಕೆ ಈಡಿತ್ ಕನಕಓಲೆ. ಹೆಸರು ನಮ್ಮ ಕಿವಿಗೆ ಚಿನ್ನದ ಓಲೆಯ ಹಾಗೆ ಕೇಳುತ್ತದೆ, ಅಲ್ವಾ? ಅವರ ಭಾಷೆಯಲ್ಲಿ ‘ಕನಕ’ ಅಂದರೆ ಮನುಷ್ಯ. ಹವಾಯಿಯ ದೊಡ್ಡ ದ್ವೀಪದ ಹೊನೊಮೂ ಎಂಬ ಊರಲ್ಲಿ 1913ರಲ್ಲಿ ಹುಟ್ಟಿದರು. ಹುಲಾ ಕುಣಿತ ಕಲಿತದ್ದು ಸ್ವಂತ ತಾಯಿಯಿಂದ. ಹುಟ್ಟುವ ಹೊತ್ತಿಗಾಗಲೇ ಹವಾಯಿ ಭಾಷೆ ಶಾಲೆಗಳಿಂದ ಹೊರಬಿದ್ದಿತ್ತು. 1896ರ ಕಾಯಿದೆ ಪಾಠವೆಲ್ಲ ಇಂಗ್ಲಿಷಿನಲ್ಲೇ ಆಗಬೇಕು ಅಂದಿತ್ತು. ಅಂಥ ಕಾಲದಲ್ಲಿ ಬೆಳೆದ ಹುಡುಗಿ ಮುಂದೆ ಹೀಲೋ ಊರಿನ ಕಾಲೇಜಿನಲ್ಲಿ, ವಿಶ್ವವಿದ್ಯಾಲಯದಲ್ಲಿ ಅದೇ ಭಾಷೆಯ ಹಾಡು, ವಂಶಾವಳಿ, ಗಿಡಮೂಲಿಕೆಗಳ ಪಾಠ ಹೇಳಿದರು. ಊರೆಲ್ಲ ಅವರನ್ನು ಕರೆದದ್ದು ‘ಆಂಟಿ ಈಡಿತ್’ ಅಂತ. ತೀರಿಕೊಂಡದ್ದು 1979ರ ಅಕ್ಟೋಬರಿನಲ್ಲಿ.

ಪೂರಣಗಳು ಬರಲಿ.

ಶಿರಸಿಯಿಂದ:
ಅಕ್ಕಾ, 1896 ಅಂತ ಓದಿದ ಕೂಡಲೇ ಮೊದಲ ಸಾಲು ಬಂತು. ಉಳಿದದ್ದಕ್ಕೆ ರಾತ್ರಿಯೆಲ್ಲ ಹಿಡೀತು.

ಬಾಯ ಮಾತನು ಕಸಿದ ಕಾಲದಿ
ತಾಯಿ ಹೇಳಿದ ಹಾಡ ಹಿಡಿದಳು
ಗಾಯ ಮಾಯಲು ಮಕ್ಕಳಿಗೆ ಪದ ಪದವ ಕಲಿಸಿದಳು
ಸಾಯಲೊಲ್ಲದ ನೆಲದ ನೆನಪಿಗೆ
ಛಾಯೆ ನಾಣ್ಯದಿ ಕೆತ್ತಿ ಕೊಟ್ಟರು
ತಾಯ ಮುಡಿಯಲಿ ಬೆಂಕಿಬೆಟ್ಟವು ಮೂಡಿ ನಿಂತಿಹುದು

ಸಮಸ್ಯೆ ಕೊಟ್ಟವರು:
‘ಗಾಯ ಮಾಯಲು’ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎರಡನೇ ಸಾಲಿನ ತಾಯಿ ಬೇರೆ, ಆರನೇ ಸಾಲಿನ ತಾಯಿ ಬೇರೆ. ಮಗಳಾಗಿ ಕಲಿತವಳು ಪದ್ಯ ಮುಗಿಯುವಷ್ಟರಲ್ಲಿ ತಾನೇ ತಾಯಿಯಾಗಿದ್ದಾಳೆ. ಹವಾಯಿ ಭಾಷೆಗೆ ಅಲ್ಲಿನ ಸಂವಿಧಾನದಲ್ಲಿ ಅಧಿಕೃತ ಸ್ಥಾನ ಸಿಕ್ಕಿದ್ದು 1978ರಲ್ಲಿ. ಅದನ್ನು ನೋಡಲು ಅವರು ಇದ್ದರು ಅನ್ನೋದು ನನಗೆ ದೊಡ್ಡ ಸಮಾಧಾನ.

ಮೈಸೂರಿನಿಂದ:
ಮೇಡಂ, ನಾನು ಭೂಗರ್ಭಶಾಸ್ತ್ರ ಓದಿದವನು. ನಿಮ್ಮ ಸಾಲು ನನಗೆ ಸಮಸ್ಯೆ ಅನ್ನಿಸಲೇ ಇಲ್ಲ. ಲಾವಾ ಚಿಮ್ಮುವಾಗ ಗಾಳಿಗೆ ಸಿಕ್ಕಿ ಎಳೆ ಎಳೆಯಾಗಿ ಗಾಜಾಗುತ್ತದೆ. ಬಂಗಾರದ ಬಣ್ಣ, ಕೂದಲಿನಷ್ಟು ಸಪೂರ. ಪ್ರಪಂಚದಲ್ಲಿ ಎಲ್ಲೇ ಸಿಕ್ಕರೂ ಅದರ ಹೆಸರು ‘ಪೇಲೆಯ ಕೂದಲು’. ಪೇಲೆ ಹವಾಯಿಯ ಜ್ವಾಲಾಮುಖಿ ದೇವಿ. ಕನಕಓಲೆ ಮನೆತನದ ಕುಣಿತವೂ ಅವಳ ನೆಲದ್ದೇ. ಮಂಡಿ ಬಗ್ಗಿಸಿ, ನೆಲಕ್ಕೆ ಹತ್ತಿರವಾಗಿ, ಬಿರುಸಾಗಿ ಕುಣಿಯುತ್ತಾರೆ. ಆ ಶೈಲಿಗೆ ‘ಐಹಆ’ ಅನ್ನುತ್ತಾರೆ.

ಕಾಯ ಬಾಗಿಸಿ ಮಂಡಿ ತಗ್ಗಿಸಿ
ಗೇಯ ನುಡಿಯುತ ನೆಲವ ಮೆಟ್ಟಲು
ಬಾಯಿ ತೆರೆಯಿತು ಭೂಮಿ ಕೆಂಡದ ಕೂದಲೆಳೆ ಹಾರಿ
ಸೀಯುವುರಿಯಲಿ ದೇವಿ ಪೇಲೆಯೆ
ನೇಯುತಿರುವಳು ಹೊಸತು ನೆಲವನು
ತಾಯ ಮುಡಿಯಲಿ ಬೆಂಕಿಬೆಟ್ಟವು ಮೂಡಿ ನಿಂತಿಹುದು

ಶಿರಸಿಯಿಂದ:
‘ನೇಯುತಿರುವಳು ಹೊಸತು ನೆಲವನು’! ಸರ್, ಲಾವಾ ಸಮುದ್ರಕ್ಕೆ ಇಳಿದು ದ್ವೀಪ ಬೆಳೆಯುವುದನ್ನು ಒಂದೇ ಸಾಲಲ್ಲಿ ಹೇಳಿಬಿಟ್ಟಿರಿ.

ಧಾರವಾಡದಿಂದ:
ಅಕ್ಕಾರ, ನಮಸ್ಕಾರ. ನನಗ ಹಿಡಿಸಿದ್ದು ಅವರ ಹೆಣ್ಣುಮಕ್ಕಳ ಕಥಿ. ಈಡಿತ್ ಅವರು 1953ರಾಗ ‘ಹಾಲಾವ್ ಓ ಕೆಕುಹಿ’ ಅನ್ನೋ ಹುಲಾ ಶಾಲೆ ಕಟ್ಟಿದ್ರು. ಅವ್ವನ ನಂತರ ಪುವಲಾನಿ ಮತ್ತ ನಾಲಾನಿ ಅದನ್ನ ಮುಂದುವರಿಸಿದ್ರು. 1993ರಾಗ ಅಮೆರಿಕದ ರಾಷ್ಟ್ರೀಯ ಪರಂಪರೆ ಗೌರವ ಅಕ್ಕ-ತಂಗಿ ಇಬ್ಬರಿಗೂ ಕೂಡೇ ಬಂತು. ನನ್ನ ಪದ್ಯ ಇಲ್ಲೈತಿ.

ಪ್ರಾಯದಲ್ಲಿ ಹೆಣ್ಮಕ್ಕಳಿಬ್ಬರು
ಬಾಯಿಪಾಠದಿ ಕಲಿತ ಹಾಡನು
ಆಯ ತಪ್ಪದೆ ಕೊಟ್ಟರಲ್ಲವೆ ಮುಂದಿನವರೆಡೆಗೆ
ಹಾಯಿ ಬಿಚ್ಚಿದ ದೋಣಿಯಂದದಿ
ಬಾಯೆನುತ ಕರೆವಂತೆ ಕಡಲಿಗೆ
ತಾಯ ಮುಡಿಯಲಿ ಬೆಂಕಿಬೆಟ್ಟವು ಮೂಡಿ ನಿಂತಿಹುದು

ಸಮಸ್ಯೆ ಕೊಟ್ಟವರು:
ಚೆಂದ ಅಣ್ಣಾ. ಮೊದಲ ಸಾಲಿನ ಎರಡನೇ ಗಣದಲ್ಲಿ ಒಂದು ಮಾತ್ರೆ ಜಾಸ್ತಿ ಆಗಿದೆ. ‘ದಲ್ಲಿ ಹೆಣ್’ ಐದಾಗುತ್ತದೆ. ‘ಪ್ರಾಯದಲೆ ಹೆಣ್ಮಕ್ಕಳಿಬ್ಬರು’ ಅಂದರೆ ನಾಲ್ಕಕ್ಕೆ ನಿಲ್ಲುತ್ತದೆ. ‘ಬಾಯಿಪಾಠ’ ಮಾತ್ರ ದಯವಿಟ್ಟು ಹಾಗೇ ಇರಲಿ. ಆ ಪರಂಪರೆಯೆಲ್ಲ ಬಾಯಿಂದ ಬಾಯಿಗೆ ಬಂದದ್ದೇ.

ನಾಣ್ಯದ ಮೇಲಿನ ಬರಹವೂ ಅವರದೇ ಪ್ರಾರ್ಥನೆಯಿಂದ ಬಂದದ್ದು: ‘ಎ ಹೋ ಮಾಯ್ ಕಾ ಇಕೆ’. ಅರಿವನ್ನು ಕೊಡು ಅಂತ. ಈಡಿತ್ ಅವರು ಅದನ್ನು ಕಟ್ಟಿದ್ದು ಪಾಠಕ್ಕೆ ಕೂರುವ ಮಕ್ಕಳಿಗಾಗಿ. ಹಳೆಯ ಹಾಡುಗಳಲ್ಲಿ ಅಡಗಿರುವ ತಿಳಿವು ನಮಗೂ ಬರಲಿ ಎಂದು ಕೇಳಿಕೊಳ್ಳುವ ಹಾಡು. ಈಗಲೂ ಹವಾಯಿಯಲ್ಲಿ ತರಗತಿ, ಸಭೆ ಶುರುವಾಗುವ ಮುಂಚೆ ಅದನ್ನು ಹೇಳುತ್ತಾರೆ. ಅಲ್ಲಿ ಗುರುವಿಗೆ ‘ಕುಮು’ ಅನ್ನುತ್ತಾರೆ, ಮರದ ಬುಡಕ್ಕೂ ಅದೇ ಮಾತು. ಪ್ರತಿ ವರ್ಷ ಈಸ್ಟರ್ ಮುಗಿದ ಮೇಲೆ ಹೀಲೋದಲ್ಲಿ ಹುಲಾದ ದೊಡ್ಡ ಸ್ಪರ್ಧೆ ನಡೆಯುವ ಕ್ರೀಡಾಂಗಣಕ್ಕೂ ಇವರದೇ ಹೆಸರು.

ಮೈಸೂರಿನಿಂದ:
ಮೇಡಂ, ಆ ಭಾಷೆಯಲ್ಲಿ ಒತ್ತಕ್ಷರವೇ ಇಲ್ಲವಂತೆ, ಹೌದಾ?

ಸಮಸ್ಯೆ ಕೊಟ್ಟವರು:
ಹೌದು ಸರ್. ಅಕ್ಷರಗಳೇ 13. ಎರಡು ವ್ಯಂಜನ ಒಟ್ಟಿಗೆ ಬರುವುದಿಲ್ಲ. ಪ್ರತಿ ಪದವೂ ಸ್ವರದಲ್ಲೇ ಮುಗಿಯುತ್ತದೆ. ನಮ್ಮ ಹಳ್ಳಿಯ ಬಾಯಿಗೆ ‘ಬಸ್’ ಬಸ್ಸಾಗುವ ಹಾಗೆ, ಹೊರಗಿನ ಪದಗಳು ಅವರ ಬಾಯಲ್ಲೂ ಸ್ವರ ಸೇರಿಸಿಕೊಳ್ಳುತ್ತವೆ. ‘ಬುಕ್’ ಅಲ್ಲಿ ‘ಪುಕೆ’.

ಶಿರಸಿಯಿಂದ:
ಹಾಗಾದರೆ ಅವರ ನೆನಪಿಗೆ ಒತ್ತಕ್ಷರ, ಸೊನ್ನೆ ಎರಡೂ ಇಲ್ಲದ ಭಾಮಿನಿ ಬರೀಬೇಕು ಅಂತ ಕೂತೆ. ಗಿಡಗಳ ಪಾಠ ಹೇಳುತ್ತಿದ್ದರು ಅಂದಿರಲ್ಲ, ಅದನ್ನೇ ಹಿಡಿದೆ. ಅರ್ಧ ಆಯ್ತು, ಅಕ್ಕಾ. ಮುಂದಿನ ಮೂರು ಸಾಲು ಯಾರಾದರೂ ಮುಗಿಸಿಕೊಡಿ. ಪ್ರಾಸ ‘ಲ’.

ಅಲೆಯ ಮೇಲಿನ ಗಾಳಿ ಹಾಡಿದೆ
ಎಲೆಯ ಹೆಸರನು ಮಗುವು ಕೇಳಿದೆ
ಕಲಿಸಿದವಳಿಹಳೆಲೆಯ ಹೆಸರಲಿ, ಮಗುವ ದನಿಯೊಳಗೆ