ಹಾಶಿಮೊಟೊ ಥೈರಾಯ್ಡ್‌ಗೂ ವಿಟಮಿನ್ ಡಿ ಕೊರತೆಗೂ ಸಂಬಂಧವಿದೆಯೇ?

ಪ್ರಶ್ನೆ: ಮಡಿಕೇರಿಯಲ್ಲಿರುವ ನನ್ನ ಅಕ್ಕನಿಗೆ ಹಾಶಿಮೊಟೊ (ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಗೆ ಹಾನಿ ಮಾಡುವ) ಕಾಯಿಲೆಯಿದೆ. ಬಿಸಿಲೇ ಕಾಣದ ನಮ್ಮೂರಿನ ಮಳೆಗಾಲ ಮುಗಿದ ಮೇಲೆ ರಕ್ತಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ ಕೇವಲ 14 ಇತ್ತು. ಅದನ್ನು ಸರಿಪಡಿಸಿಕೊಂಡರೆ ಥೈರಾಯ್ಡ್ ಮಾತ್ರೆ ಬಿಡಬಹುದೇ?

ಉತ್ತರ 1: ದಯವಿಟ್ಟು ಬಿಡಿಸಬೇಡಿ. ಹಾಶಿಮೊಟೊ ಇರುವವರಲ್ಲಿ ವಿಟಮಿನ್ ಡಿ ಕಡಿಮೆ ಇರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆಯಾದರೂ, ಆ ಕೊರತೆಯೇ ಕಾಯಿಲೆಗೆ ಕಾರಣವೋ ಅಥವಾ ಕಾಯಿಲೆಯ ಜೊತೆಗೇ ಬರುವಂಥದ್ದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ರೋಗನಿರೋಧಕ ಕಣಗಳಲ್ಲಿ ಈ ವಿಟಮಿನ್ನನ್ನು ಗುರುತಿಸಿ ಹಿಡಿಯುವ ಗ್ರಾಹಕಗಳು (ರಿಸೆಪ್ಟರ್) ಇವೆ. ವಿಟಮಿನ್ ಡಿ ಕೊಟ್ಟ ಕೆಲವು ಪ್ರಯೋಗಗಳಲ್ಲಿ, ಥೈರಾಯ್ಡ್ ವಿರುದ್ಧ ದೇಹವೇ ತಯಾರಿಸುವ ಟಿಪಿಒ ಪ್ರತಿಕಾಯಗಳು ಇಳಿದದ್ದೂ ನಿಜ. ಆದರೆ ಹಾನಿಗೊಂಡ ಗ್ರಂಥಿಯು ಮತ್ತೆ ಸಾಕಷ್ಟು ಹಾರ್ಮೋನು ತಯಾರಿಸುತ್ತದೆ ಎಂದು ಅದರರ್ಥವಲ್ಲ.

ಉತ್ತರ 2: 2022ರಲ್ಲಿ ಪ್ರಕಟವಾದ ಅಮೆರಿಕದ ವೈಟಲ್ ಎಂಬ ಪ್ರಯೋಗದಲ್ಲಿ, ದಿನಕ್ಕೆ 2000 ಐಯು ವಿಟಮಿನ್ ಡಿಯನ್ನು ಸುಮಾರು 5 ವರ್ಷ ತೆಗೆದುಕೊಂಡವರಲ್ಲಿ ಸ್ವಯಂನಿರೋಧಕ ಕಾಯಿಲೆಗಳು (ಹಾಶಿಮೊಟೊದಂತೆ ದೇಹ ತನ್ನ ಮೇಲೆಯೇ ದಾಳಿ ಮಾಡುವಂಥವು) ಒಟ್ಟಾರೆ ಶೇ. 22ರಷ್ಟು ಕಡಿಮೆ ಕಂಡುಬಂದವು. ಅದು ಹೊಸದಾಗಿ ಬರುವ ಕಾಯಿಲೆಯ ಲೆಕ್ಕ. ನಿಮ್ಮ ಅಕ್ಕನವರಿಗೆ ಈಗಾಗಲೇ ಬಂದಿದೆ.

ಉತ್ತರ 3: ಪೊನ್ನಂಪೇಟೆಯಿಂದ ಬರೆಯುತ್ತಿದ್ದೇನೆ, ನನಗೂ ಇದೇ ಕಾಯಿಲೆ. ಬೆಳಗ್ಗೆ ಥೈರಾಯ್ಡ್ ಮಾತ್ರೆ ನುಂಗಿದ ಕೂಡಲೇ ಬೆಲ್ಲದ ಕಾಪಿ ಕುಡಿಯುವುದು ನಮ್ಮ ಮನೆಯ ರೂಢಿಯಾಗಿತ್ತು. ಕಾಪಿ, ಕ್ಯಾಲ್ಸಿಯಂ ಎರಡೂ ಆ ಮಾತ್ರೆ ಮೈಗೆ ಹತ್ತದಂತೆ ತಡೆಯುತ್ತವೆ ಎಂಬ ವೈದ್ಯರ ಮಾತಿನಂತೆ ಕಾಪಿಯನ್ನು ಒಂದು ಗಂಟೆ, ವಿಟಮಿನ್ ಡಿ ಬೆರೆತ ಕ್ಯಾಲ್ಸಿಯಂ ಮಾತ್ರೆಯನ್ನು 4 ಗಂಟೆ ಮುಂದೂಡಿದ ಮೇಲೆಯೇ ಟಿಎಸ್‌ಎಚ್ (ಥೈರಾಯ್ಡ್ ಹತೋಟಿಯಲ್ಲಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆಯ ಅಂಕಿ) ಹತೋಟಿಗೆ ಬಂತು. ಅಕ್ಕನವರು ಯಾವುದನ್ನು ಯಾವಾಗ ತೆಗೆದುಕೊಳ್ಳುತ್ತಾರೆಂದು ಮೊದಲು ವಿಚಾರಿಸಿ.