429 ಕೋಟಿ ದಾಟಿದ ಸಂಖ್ಯೆ: ಮಾಸ್ತರರಿಗೆ ಪ್ರಶ್ನೆಗಳು

(ರಾಯಚೂರು ಜಿಲ್ಲೆಯ ಗಣಿತಾಸಕ್ತರ ಗುಂಪು. ಉತ್ತರಿಸುವವರು ನಿವೃತ್ತ ಗಣಿತ ಉಪನ್ಯಾಸಕರು.)

ಹಟ್ಟಿಯ ಪಾಲಕರು: ನಮಸ್ಕಾರ ಸರ್. 4294967297 ಅವಿಭಾಜ್ಯವೇ ಎಂದು ಒಂಬತ್ತನೇ ತರಗತಿಯ ಮಗಳು ಎರಡು ದಿನದಿಂದ ಕೂತಿದ್ದಾಳೆ. 499ರವರೆಗಿನ 95 ಅವಿಭಾಜ್ಯಗಳಿಂದಲೂ ಭಾಗಿಸಿದಳು. ಪ್ರತಿ ಸಲವೂ ಶೇಷ ಉಳಿಯಿತು. ನೋಟುಪುಸ್ತಕ ಮುಗಿದು ಈಗ ಹತ್ತಿ ಮಾರಿದ ಚೀಟಿಗಳ ಹಿಂಬದಿಗೆ ಬಂದಿದ್ದಾಳೆ. ನಿಲ್ಲಿಸಲು ಹೇಳಲೇ?

ಲಿಂಗಸುಗೂರಿನ ಸದಸ್ಯ: 1 ಅವಿಭಾಜ್ಯವೇ ಸರ್?

ಉಪನ್ಯಾಸಕರು: ಅಲ್ಲ.

ಮಾನ್ವಿಯ ಸದಸ್ಯ: ಅಂಕಿಗಳ ಮೊತ್ತ 59. ಬೆಸಸಂಖ್ಯೆಯ ಮೊತ್ತ ಅವಿಭಾಜ್ಯವಾದರೆ ಸಂಖ್ಯೆಯೂ ಅವಿಭಾಜ್ಯ. ನಮ್ಮ ಬಂಧುಗಳ ಗುಂಪಿಗೆ ಬಂದ ಪ್ರಾಚೀನ ಸೂತ್ರ, ಎಲ್ಲರಿಗೂ ಹಂಚಿ.

ಉಪನ್ಯಾಸಕರು: ದಯವಿಟ್ಟು ಹಂಚಬೇಡಿ. 49ರ ಅಂಕಿಗಳ ಮೊತ್ತ 13. ಏಳೇಳಲಿ ಎಷ್ಟು ಎಂದು ಮಗ್ಗಿ ಕಲಿತ ಮಗುವನ್ನು ಕೇಳಿ.

ಹಟ್ಟಿಯವರೇ, ನಿಲ್ಲಿಸಬೇಡಿ, ದಾರಿ ಬದಲಿಸಲು ಹೇಳಿ. ಅವಿಭಾಜ್ಯವಲ್ಲದ ಸಂಖ್ಯೆಯನ್ನು ಅದರ ವರ್ಗಮೂಲದೊಳಗಿನ ಯಾವುದಾದರೂ ಅವಿಭಾಜ್ಯ ಭಾಗಿಸಲೇಬೇಕು. ಇದರ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ, ಅಷ್ಟು ಚೀಟಿ ನಿಮ್ಮಲ್ಲಿರಲಾರದು. ಇದು 2ರ 32ನೇ ಘಾತಕ್ಕೆ 1 ಕೂಡಿಸಿದ ಸಂಖ್ಯೆ. 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದರೆ ಬರುವ 3, 5, 17, 257, 65537 ಎಂಬ ಸಾಲಿನಲ್ಲಿ ಮುಂದಿನದು. ಆ ಐದೂ ಅವಿಭಾಜ್ಯ; ಮುಂದಿನವೂ ಹಾಗೆಯೇ ಎಂದು 1640ರಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದನ್ನು ಒಡೆದರು. ನಿಮ್ಮೂರಿನ ಗಣಿಯಲ್ಲಿ ಕಂಡಕಂಡಲ್ಲಿ ಅಗೆಯುತ್ತಾರೆಯೇ? ಅದಿರಿನ ಜಾಡು ಹಿಡಿಯುತ್ತಾರೆ. ಇಲ್ಲಿನ ಜಾಡು ಇದು: ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯಕ್ಕೆ 64ರಿಂದ ಭಾಗಿಸಿದಾಗ ಶೇಷ 1 ಇರಲೇಬೇಕು. ಅಂಥವು 193, 257, 449, 577, 641. ಮೊದಲ ಮೂರನ್ನು ಮಗಳು ಆಗಲೇ ದಾಟಿದ್ದಾಳೆ. ಉಳಿದದ್ದು ಎರಡೇ ಭಾಗಾಕಾರ! 4294967297 = 641 × 6700417.

ಗುಣಿಸದೆಯೂ ಕಾಣಬಹುದು. 641 = 5 × 128 + 1. ಆದ್ದರಿಂದ 641ರಿಂದ ಭಾಗಿಸಿದಾಗ 5 × 2⁷ರ ಶೇಷ −1 (ಅಂದರೆ 641ಕ್ಕೆ 1 ಕಡಿಮೆ). ಅದರ ನಾಲ್ಕನೇ ಘಾತ 625 × 2²⁸ರ ಶೇಷ 1. 625 ಎಂದರೆ 641ಕ್ಕೆ 16 ಕಡಿಮೆ, ಹಾಗಾಗಿ ಅದರ ಜಾಗದಲ್ಲಿ −16 ಇಡಿ: −2³²ರ ಶೇಷ 1. ಅಂದಮೇಲೆ 2³² + 1ಕ್ಕೆ ಶೇಷವೇ ಇಲ್ಲ. ಇದನ್ನು ಅವಳೇ ಬರೆದು ನೋಡಲಿ.

ದೇವದುರ್ಗದ ಸದಸ್ಯ: 59, ಆಮೇಲೆ 14, ಆಮೇಲೆ 5. ಹೊಸ ಟ್ರ್ಯಾಕ್ಟರಿಗೆ 5 ಶುಭವೇ ಸರ್?

ಸಿಂಧನೂರಿನ ಶಿಕ್ಷಕಿ: ಮೊಬೈಲಿನಲ್ಲಿ ಕ್ಷಣದಲ್ಲಿ ಸಿಗುವ ಉತ್ತರಕ್ಕೆ ಮಗುವಿಗೇಕೆ ಈ ಶಿಕ್ಷೆ?

ಮಸ್ಕಿಯ ಸದಸ್ಯ: ಶಿಕ್ಷಕರೇ ಹೀಗೆಂದರೆ ಮುಗಿಯಿತು. ಹಾಗಾದರೆ ಮಗ್ಗಿಯೂ ಬೇಡ ಬಿಡಿ.

ಸಿಂಧನೂರಿನ ಶಿಕ್ಷಕಿ: ಮಗ್ಗಿ ಬೇಡವೆಂದು ನಾನೆಲ್ಲಿ ಹೇಳಿದೆ? ಓದಿ ಮಾತನಾಡಿ.

ಮಾನ್ವಿಯ ಸದಸ್ಯ: 49 ಒಂದು ಅಪವಾದ ಇರಬಹುದಲ್ಲ ಸರ್?

ಉಪನ್ಯಾಸಕರು: 25, 65, 119, 133. ಸಾಕೇ?

ಕವಿತಾಳದ ಸದಸ್ಯ: ಸರ್, 1 ಅವಿಭಾಜ್ಯವೇ?

ಉಪನ್ಯಾಸಕರು: ಮೇಲೆ ಓದಿ.

ಹಟ್ಟಿಯ ಪಾಲಕರು: 577ಕ್ಕೆ ಶೇಷ ಉಳಿಯಿತು, 641ಕ್ಕೆ ಸೊನ್ನೆ ಬಂತು ಸರ್! ಸಾಲಿನಲ್ಲಿ ಮುಂದೆ ಅವಿಭಾಜ್ಯ ಇದೆಯೇ ಎಂದು ಕೇಳುತ್ತಿದ್ದಾಳೆ.

ಉಪನ್ಯಾಸಕರು: ಈವರೆಗೆ ಒಂದೂ ಸಿಕ್ಕಿಲ್ಲ, ಇಲ್ಲವೆಂದು ಯಾರೂ ಸಾಧಿಸಿಯೂ ಇಲ್ಲ. 2ರ 64ನೇ ಘಾತಕ್ಕೆ 1 ಕೂಡಿಸಿದ್ದನ್ನು 274177 ಭಾಗಿಸುತ್ತದೆ. ಚೀಟಿಯ ಹಿಂದೆ ಅದನ್ನು ಮಾಡಿಸಬೇಡಿ.

ಮಾನ್ವಿಯ ಸದಸ್ಯ: ಪ್ರಾಚೀನ ಜ್ಞಾನವೆಂದರೆ ಕೆಲವರಿಗೆ ತಾತ್ಸಾರ.

ಮಸ್ಕಿಯ ಸದಸ್ಯ: 133ನ್ನು 7ರಿಂದ ಭಾಗಿಸಿ ಬಂದು ಮಾತನಾಡಿ.

ದೇವದುರ್ಗದ ಸದಸ್ಯ: ಟ್ರ್ಯಾಕ್ಟರ್ ವಿಷಯ ಏನಾಯಿತು ಸರ್?