ಐಲಾ ಹೊಗೆ, ತೀರ್ಥಹಳ್ಳಿ ಮೂಗು

ಸೀನ ವಿಸ್ಕಿ ಗ್ಲಾಸಿನೊಳಗೆ ಮೂಗು ತೂರಿಸಿ ಕೂತುಬಿಟ್ಟ. ಮಂಜನಿಗೆ ತಡೀಲಿಲ್ಲ.

"ಲೋ, ನೆಗಡಿ ಆಗಿದ್ರೆ ಹೇಳು, ಮೇಲೊಂದು ಟವೆಲ್ ಹೊದಿಸ್ತೀನಿ."

"ಮೊದಲು ಮೂಗು, ಆಮೇಲೆ ಬಾಯಿ ಕಣೋ. ಗ್ಲೆನ್‌ಲಿವೆಟ್ 12, ಅಂದ್ರೆ 12 ವರ್ಷ ಮಾಗಿದ್ದು. ಸ್ಕಾಟ್ಲೆಂಡಿನ ಸ್ಪೇಸೈಡ್ ಸೀಮೆಯ ಮಾಲ್ಟು, ಮೊಳಕೆ ಬಾರ್ಲಿಯ ವಿಸ್ಕಿ. ಸೇಬು, ಜೇನು... ಸಿಗ್ತಾ?"

ಮಂಜ ಒಂದೇ ಗುಟುಕಿಗೆ ಮುಗಿಸಿ, "ಸೇಬು ಸಿಗಲಿಲ್ಲ ಮಾರಾಯ. ಇನ್ನೊಂದು ಹಾಕು, ಹುಡುಕ್ತೀನಿ" ಅಂದ.

ಸೀನನಿಗೆ ಬಾಟಲಿಗಿಂತ ಬಾಟಲಿಯ ಪುರಾಣವೇ ಇಷ್ಟ. "1824ರಲ್ಲಿ ಜಾರ್ಜ್ ಸ್ಮಿತ್ ಅಂತ ಒಬ್ಬ ಗ್ಲೆನ್‌ಲಿವೆಟ್ ಕಣಿವೇಲಿ ಭಟ್ಟಿ ಇಳಿಸೋಕೆ ಲೈಸೆನ್ಸ್ ತಗೊಂಡ. ಸುತ್ತಮುತ್ತಲಿನ ಕಳ್ಳಭಟ್ಟಿಯವರಿಗೆಲ್ಲ ಉರಿ ಹತ್ತಿಕೊಳ್ತು. ಪಾಪ, ಎರಡು ಪಿಸ್ತೂಲು ಇಟ್ಕೊಂಡು ಓಡಾಡ್ತಿದ್ದನಂತೆ."

"ನೋಡ್ರೋ, ತೆರಿಗೆ ಕಟ್ಟಿದವನಿಗೆ ಅಲ್ಲೂ ನೆಮ್ಮದಿ ಇಲ್ಲ," ಅಂದ ಪ್ರಸಾದ. ಆಡಿಟರ್, ಬೇರೇನು ಅಂದಾನು.

ಎರಡನೇದು ಲಫ್ರಾಯ್ಗ್ 10. ಮಂಜ ಮೂಸಿ ಹಿಂದಕ್ಕೆ ಸರಿದ. "ಯಾರೋ ಇದಕ್ಕೆ ಟಿಂಕ್ಚರ್ ಹಚ್ಚಿದ್ದಾರೆ!"

"ಅದು ಪೀಟ್ ಹೊಗೆ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಪೀಟ್ ಅನ್ನೋ ಜೌಗುನೆಲದ ಮಣ್ಣು ಕಡಿದು ಒಣಗಿಸ್ತಾರೆ. ಮೊಳಕೆ ಬಂದ ಬಾರ್ಲಿ ಕೆಳಗೆ ಅದನ್ನ ಉರಿಸ್ತಾರೆ. ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಇದನ್ನ ಔಷಧಿ ಅಂತ ಮಾರ್ತಿದ್ರು, ಗೊತ್ತಾ?"

"ಮೆಡಿಕ್ಲೇಮ್ ಬರುತ್ತಾ?" ಪ್ರಸಾದ.

ಮಂಜ ಅಷ್ಟರಲ್ಲಿ ಇನ್ನೊಮ್ಮೆ ಗುಟುಕರಿಸಿದ್ದ. ಮುಖವೇ ಬದಲಾಯ್ತು. "ಅಯ್ಯೋ, ಇದು ನಮ್ಮ ತೀರ್ಥಹಳ್ಳಿ ಅಜ್ಜಿಮನೆ ಬಚ್ಚಲು! ಹಂಡೆ ಒಲೆಗೆ ಹಸಿ ಕಟ್ಟಿಗೆ ಒಟ್ಟಿದ ದಿನದ ವಾಸನೆ!" ಅಂದವನೇ ಬಾಟಲಿಯನ್ನು ತನ್ನ ಕಡೆ ಎಳ್ಕೊಂಡ. ಸೀನ ತನ್ನ ಪುಸ್ತಕ ತೆಗೆದು 'ಕಡಲ ಪಾಚಿ, ಅಯೋಡಿನ್' ಅಂತ ಓದಿದ. ನನ್ನ ಓಟು ಬಚ್ಚಲಿಗೆ. ಪಾಚಿ ತಿಂದು ನೋಡಿದವರು ನಮ್ಮಲ್ಲಿ ಯಾರಿದ್ದಾರೆ?

ಮೂರನೇದು ಅಮೃತ್ ಫ್ಯೂಷನ್. ಸ್ಕಾಚ್ ಅನ್ನಿಸಿಕೊಳ್ಳೋಕೆ ಸ್ಕಾಟ್ಲೆಂಡಲ್ಲೇ ಭಟ್ಟಿ ಇಳಿಸಿ, ಅಲ್ಲೇ ಓಕ್ ಪೀಪಾಯೀಲಿ ಕನಿಷ್ಠ 3 ವರ್ಷ ಕೂರಿಸಬೇಕು. ಇದು ಬೆಂಗಳೂರಿನದು. ಆದರೂ ನಮ್ಮ ಬಾರ್ಲಿ ಜತೆ ಹೊಗೆ ಕುಡಿದ ಸ್ಕಾಟ್ಲೆಂಡ್ ಬಾರ್ಲಿ ಸೇರಿಸಿದ್ದರಿಂದ ಅರ್ಧ ಬೀಗರು. ಅಮೃತ್ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಮನೆಯ ಮಾಲ್ಟ್ ವಿಸ್ಕಿ) 2004ರಲ್ಲಿ ಬಿಡುಗಡೆಯಾದದ್ದೂ ಗ್ಲಾಸ್ಗೋದಲ್ಲೇ.

"ಇದರ ಮೇಲೆ ವಯಸ್ಸೇ ಹಾಕಿಲ್ವಲ್ಲೋ?" ಅಂದ ಮಂಜ.

"ಇಲ್ಲಿನ ಸೆಕೆಗೆ ಬೇಗ ಮಾಗುತ್ತೆ, ಬೇಗ ಆವಿನೂ ಆಗುತ್ತೆ. ಹಾಗೆ ಆವಿಯಾಗಿ ಹೋಗಿದ್ದಕ್ಕೆ ಏಂಜಲ್ಸ್ ಶೇರ್, ದೇವದೂತರ ಪಾಲು ಅಂತಾರೆ. ಸ್ಕಾಟ್ಲೆಂಡಲ್ಲಿ ವರ್ಷಕ್ಕೆ ಶೇಕಡಾ 2, ಇಲ್ಲಿ 10ರ ಮೇಲೆ."

ಪ್ರಸಾದನ ಫೋನು ಹೊರಬಂತು. "12 ವರ್ಷ ಇಟ್ರೆ ಪೀಪಾಯೀಲಿ ಕಾಲು ಭಾಗ ಉಳಿದ್ರೆ ಹೆಚ್ಚು! ಇದನ್ನ ನಷ್ಟ ಅಂತ ಬರೀಬೇಕೋ, ದಾನ ಅಂತಲೋ? ದೇವದೂತರಿಗೆ ಕೊಟ್ಟಿದ್ದಕ್ಕೆ ತೆರಿಗೆ ವಿನಾಯಿತಿ ಇದ್ಯಾ?"

ಅಷ್ಟರಲ್ಲಿ ಮಂಜ ಲಫ್ರಾಯ್ಗ್‌ಗೆ ಸೋಡಾ ಬಗ್ಗಿಸಿದ. ಸೀನ ಕಿರುಚಿದ ರಭಸಕ್ಕೆ ಕೆಳಗಿನ ಮನೆ ನಾಯಿ ಬೊಗಳ್ತು.

"ನೀರು ನಾಲ್ಕು ಹನಿ ಬಿಡು, ಪರಿಮಳ ಬಿಚ್ಚಿಕೊಳ್ಳುತ್ತೆ. ಸೋಡಾ ಬೇಡ!"

"ನಿನ್ನ ಏಂಜಲ್ಸ್ ಏನೂ ಬೆರೆಸದೆ ಕುಡೀಲಿ. ನನಗೆ ಸೋಡಾ ಬೇಕು."

ಕೊನೆಗೆ ತೀರ್ಪು ಹೇಳು ಅಂತ ಪ್ರಸಾದನ ಕಡೆ ತಿರುಗಿದ್ವಿ. ನಿಪ್ಪಟ್ಟಿನ ತಟ್ಟೆ ಖಾಲಿ, ಅವನ ಕಣ್ಣಲ್ಲಿ ನೀರು.

"ಮೂರರಲ್ಲೂ ಹಸಿಮೆಣಸಿನಕಾಯಿ ಚೆನ್ನಾಗಿ ಬಂದಿದೆ," ಅಂದ.